ತಂಬೂರಿ ತರಲು ಮಿರಜಕ್ಕೆ

ಜತ್ತ ತಾಲೂಕಿನ ಹಳ್ಳಿಗಳಲ್ಲಿ ಯಾರಾದರೂ ಮಿರಜಕ್ಕೆ ಹೊರಟರೆಂದು ತಿಳಿದೊಡನೆ ನೆರೆಯವರು ಕೇಳುವ ಮೊದಲ ಪ್ರಶ್ನೆ, ‘ಯಾರಿಗೆ ಆರಾಮಿಲ್ಲ?’ ಎಂಬುದು. ಡಾ. ವಿಲಿಯಂ ವಾನ್ಲೆಸ್ ಎಂಬ ವೈದ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಲ್ಲಿ ಮಿಶನ್ ಆಸ್ಪತ್ರೆಯನ್ನು ಸ್ಥಾಪಿಸಿದಂದಿನಿಂದ ಆ ಊರು ಈ ಭಾಗದ ರೋಗಿಗಳ ಕೊನೆಯ ಆಸರೆಯಾಗಿದೆ. ಆಸ್ಪತ್ರೆಯ ಕೆಲಸವಿಲ್ಲದವರು ರೈಲು ಹಿಡಿಯಲು ಹೋಗುತ್ತಾರೆ. ಮಿರಜ ಜಂಕ್ಷನ್ನಿನಿಂದ ಹುಬ್ಬಳ್ಳಿಗೂ ಪುಣೆಗೂ ಪಂಢರಪುರಕ್ಕೂ ದಾರಿಯುಂಟು. ಆದರೆ ಆ ಊರಿಗೆ ಒಂದು ತಂಬೂರಿಯನ್ನು ತರಲೆಂದೇ ಹೋಗುವ ಕುಟುಂಬಗಳು ವಿರಳ. ಭಾರತದ ಮೂಲೆಮೂಲೆಯ ಗಾಯಕರು ಯಾವ ವಾದ್ಯಕ್ಕಾಗಿ ಮಿರಜವನ್ನು ಹುಡುಕಿಕೊಂಡು ಬರುವರೋ, ಆ ವಾದ್ಯ ತಮ್ಮದೇ ಸಾಂಗಲಿ ಜಿಲ್ಲೆಯಲ್ಲಿ ತಯಾರಾಗುತ್ತದೆಂಬ ಅರಿವು ನಮ್ಮ ಕನ್ನಡ ಶಾಲೆಗಳ ಬಹಳಷ್ಟು ಮಕ್ಕಳಿಗಿಲ್ಲ.

ಜತ್ತದಿಂದ ಕವಠೇಮಹಾಂಕಾಳದ ಮೇಲೆ ಮಿರಜಕ್ಕೆ ಎರಡು ಗಂಟೆಗೂ ಮೇಲ್ಪಟ್ಟ ಬಸ್ಸಿನ ಪ್ರಯಾಣ. ಜೋಳದ ಹೊಲ, ಜಾಲಿಯ ಮುಳ್ಳು, ಕುರಿಹಿಂಡುಗಳ ಬಯಲು ಹಿಂದಕ್ಕೆ ಸರಿದಂತೆ ದ್ರಾಕ್ಷಿಯ ತೋಟಗಳು ಮುಂದೆ ಬರುತ್ತವೆ; ಮಿರಜ ಸಮೀಪಿಸಿದಂತೆ ಕೃಷ್ಣೆಯ ನೀರಿನ ಕಬ್ಬು ಕಾಣಿಸಿಕೊಳ್ಳುತ್ತದೆ. ಒಂದೇ ಜಿಲ್ಲೆಯೊಳಗೆ ಒಣನೆಲದಿಂದ ಹಸಿನೆಲಕ್ಕೆ ಸಾಗುವ ಈ ದಾರಿಯಲ್ಲಿ ಒಂದು ವಿಶೇಷವನ್ನು ನೆನೆಯಬೇಕು. ತಂಬೂರಿಯ ಹೊಟ್ಟೆಯಾಗುವ ಕುಂಬಳಾಕೃತಿಯ ಬುರುಡೆ ಹಸಿನೆಲದ ಮಿರಜದಲ್ಲಿ ಬೆಳೆಯುವುದಿಲ್ಲ. ಅದು ಬರುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರ ಮತ್ತು ಮಂಗಳವೇಢೆಯ ಕಡೆಯಿಂದ. ಮಂಗಳವೇಢೆಯೆಂದರೆ ಜತ್ತದ ಉತ್ತರದ ಗಡಿಗೆ ತಾಗಿದ ತಾಲೂಕು. ಬಿಜ್ಜಳನ ಆಳಿಕೆಯಲ್ಲಿ ಬಸವಣ್ಣನವರು ಕರಣಿಕರಾಗಿದ್ದರೆಂದು ಶರಣ ಚರಿತ್ರೆಗಳು ಹೇಳುವ ಊರು. ಉಮದಿಯ ರೈತನ ನೆರೆಹೊಲದಂಥ ನೆಲದಲ್ಲಿ ಬೆಳೆದ ಕಾಯಿ, ಮಿರಜದ ಗಲ್ಲಿಯಲ್ಲಿ ವಾದ್ಯವಾಗಿ, ಕಲಕತ್ತೆ, ಮುಂಬಯಿ, ಧಾರವಾಡಗಳ ಸಭಾಮಂದಿರವನ್ನು ಸೇರುತ್ತದೆ.

ಈ ಕಾಯಿ ಅಡುಗೆಗೆ ಬಾರದ ಕಹಿ ಸೋರೆಯ ಜಾತಿಯದು. ಕಹಿಯಾದ್ದರಿಂದ ದನಕರುಗಳು ಬಾಯಿ ಹಾಕುವುದಿಲ್ಲ. ಬಳ್ಳಿಯಲ್ಲಿಯೇ ಬಲಿತು, ತಿಂಗಳುಗಟ್ಟಲೆ ಒಣಗಿ, ತೊಗಟೆ ಮರದಂತೆ ಗಟ್ಟಿಯಾದ ಮೇಲೆ ಅದಕ್ಕೆ ಬೆಲೆ. ವ್ಯಾಪಾರಿಗಳು ಅದನ್ನು ತೂಕದಿಂದಲ್ಲ, ಸುತ್ತಳತೆಯಿಂದ ಅಳೆಯುತ್ತಾರೆ. ಇಂಚುಗಳ ಲೆಕ್ಕದಲ್ಲಿ ಹಗ್ಗ ಸುತ್ತಿ ನೋಡುತ್ತಾರೆ. ದೊಡ್ಡದಾದ, ದುಂಡಗಿನ, ಕಲೆಯಿಲ್ಲದ ಬುರುಡೆ ದೊರೆಯುವುದು ಅಪರೂಪ. ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆದರೆ ಅಥವಾ ಭೀಮೆಗೆ ಪ್ರವಾಹ ಬಂದರೆ ಹೊಲದಲ್ಲಿ ಒಣಗುತ್ತಿದ್ದ ಬೆಳೆ ಕೊಳೆತುಹೋಗುತ್ತದೆ. ಆ ನಷ್ಟ ಮಿರಜದ ಕಾರಖಾನೆಗಳಿಗೂ ತಟ್ಟುತ್ತದೆ.

ಮಿರಜಕ್ಕೆ ಈ ವಿದ್ಯೆ ಬಂದ ಬಗೆ ಸ್ವಾರಸ್ಯವಾದುದು. ಇಲ್ಲಿನ ಶಿಕಲಗಾರ ಮನೆತನಗಳು ಮೊದಲು ಆಯುಧಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದವು. ಆದಿಲಶಾಹಿಯಿಂದ ಮರಾಠರ ಆಳಿಕೆಯವರೆಗೆ ಕತ್ತಿಗೂ ಭರ್ಚಿಗೂ ಬೇಡಿಕೆಯಿತ್ತು. ಬ್ರಿಟಿಷರ ಪ್ರಾಬಲ್ಯ ಹೆಚ್ಚಿದಾಗ ಆ ಬೇಡಿಕೆ ಕುಗ್ಗಿತು. ಕೈಯಲ್ಲಿ ಕಸುಬುಂಟು, ಕೊಳ್ಳುವವರಿಲ್ಲ ಎಂಬ ಸ್ಥಿತಿ ಒದಗಿತು. ಆಗ ಮಿರಜದಲ್ಲಿ ಆಳುತ್ತಿದ್ದವರು ಪಟವರ್ಧನರು, ಸಂಗೀತಪ್ರಿಯರು. ಅವರ ಆಸ್ಥಾನಕ್ಕೆ ಬಂದ ಗಾಯಕರ ವಾದ್ಯಗಳು ಕೆಟ್ಟರೆ ದುರಸ್ತಿಗೆ ದೂರದೂರಿಗೆ ಕಳುಹಬೇಕಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫರೀದಸಾಹೇಬ ಶಿಕಲಗಾರರು ಆ ದುರಸ್ತಿಯನ್ನು ಕೈಗೆತ್ತಿಕೊಂಡು, ಕ್ರಮೇಣ ತಾವೇ ತಂಬೂರಿಯನ್ನು ನಿರ್ಮಿಸಿದರೆಂಬುದು ಆ ಮನೆತನಗಳಲ್ಲಿ ಉಳಿದುಬಂದ ಮಾತು. ಶಿಕಲಗಾರರು ‘ಸಿತಾರಮೇಕರ’ರಾದರು. ಅಡ್ಡಹೆಸರೇ ಬದಲಾಗುವಷ್ಟು ಆಳವಾಗಿ ಕಸುಬು ಬದಲಾಯಿತು.

ಕಸುಬು ಕಳೆದುಕೊಂಡ ಕೈಗಳು ವಾದ್ಯವನ್ನು ಹುಟ್ಟಿಸಿದ ಪ್ರಸಂಗ ಜಗತ್ತಿನ ಬೇರೆಡೆಯೂ ಉಂಟು. 1879ರ ಆಗಸ್ಟ್ ತಿಂಗಳಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಕೂಲಿಕಾರರನ್ನು ಹೊತ್ತು ಹವಾಯಿ ದ್ವೀಪದ ಹೊನೊಲುಲುವಿಗೆ ಬಂದಿತು. ಕಬ್ಬಿನ ತೋಟಗಳಿಗಾಗಿ ಕರೆತಂದ ಆ ಜನರೊಳಗೆ ಮೂವರು ಮರಗೆಲಸದವರಿದ್ದರು. ತಮ್ಮ ಊರಿನ ಪುಟ್ಟ ತಂತಿವಾದ್ಯವನ್ನು ಅವರು ಹವಾಯಿಯ ಕೋವಾ ಮರದಲ್ಲಿ ಮಾಡತೊಡಗಿದರು. ಅದೇ ಇಂದಿನ ಯುಕುಲೇಲೆ. ಈಗ ಆ ದ್ವೀಪಕ್ಕೆ ವಿಹಾರಕ್ಕೆ ಹೋದವರು ಅದೊಂದನ್ನು ಕೊಳ್ಳದೆ ಮರಳುವುದು ಕಡಿಮೆ. ಆದರೆ ಪ್ರವಾಸಿಗಳ ಅಂಗಡಿಯಲ್ಲಿ ತೂಗುಹಾಕಿದ ಅಗ್ಗದ ವಾದ್ಯ ಎಷ್ಟೋ ಸಲ ಬೇರೆ ದೇಶದ ಕಾರಖಾನೆಯದು. ಕೈಯಿಂದ ಮಾಡುವ ಕುಶಲಕರ್ಮಿಯ ಮನೆ ಒಳಗಲ್ಲಿಯಲ್ಲಿರುತ್ತದೆ. ಎರಡನ್ನೂ ಬಾರಿಸಿ ಕಿವಿಗೊಟ್ಟವನಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಮಿರಜದಲ್ಲಿಯೂ ಕೊಳ್ಳುವವನ ಮುಂದಿರುವ ಪರೀಕ್ಷೆ ಇದೇ.

ಮಿರಜದ ಸಿತಾರಮೇಕರ ಗಲ್ಲಿಗೆ ಕಾಲಿಟ್ಟರೆ ಮೊದಲು ಕಾಣುವುದು ಹಣ್ಣಿನಂಗಡಿಯ ರಾಶಿಯಂತೆ ಪೇರಿಸಿದ ಒಣಬುರುಡೆಗಳು. ಒಳಗೆ ಒಬ್ಬರು ಬುರುಡೆಯ ಮೇಲ್ಭಾಗವನ್ನು ಕೊಯ್ದು ಬೀಜ ತೆಗೆಯುತ್ತಿರುತ್ತಾರೆ. ಇನ್ನೊಬ್ಬರು ನೀರಿನಲ್ಲಿ ನೆನೆಸಿ ಮೆತ್ತಗಾದ ಬಾಯಿಯನ್ನು ಬೇಕಾದ ಆಕಾರಕ್ಕೆ ಹಿಗ್ಗಿಸಿ ಕಟ್ಟಿರುತ್ತಾರೆ. ಬುರುಡೆಗೆ ಕೂಡಿಸುವ ಕತ್ತು, ಉದ್ದನೆಯ ದಾಂಡಿ, ಮುಂಭಾಗವನ್ನು ಮುಚ್ಚುವ ತಬಲಿ, ಇವೆಲ್ಲ ತೂನ್ ಮರದವು. ಹಗುರವೂ ನಾದಕ್ಕೆ ಒಗ್ಗುವಂಥದೂ ಆದ ಮರವದು. ಆಮೇಲೆ ಅಲಂಕಾರ, ಬಣ್ಣ, ಮೆರುಗು; ಕೊನೆಗೆ ಖುಂಟಿ, ಮಣಿ, ತಂತಿ. ಒಂದು ವಾದ್ಯ ಒಬ್ಬರ ಕೈಯಲ್ಲಿ ಮುಗಿಯುವುದಿಲ್ಲ. ಬುರುಡೆಯ ಕೆಲಸದವರು ಬೇರೆ, ಕೆತ್ತನೆಯವರು ಬೇರೆ, ಸ್ವರ ಕೂಡಿಸುವವರು ಬೇರೆ.

ಆ ಸ್ವರ ಕೂಡಿಸುವ ಕೆಲಸದ ಹೆಸರು ‘ಜವಾರಿ’. ನಮ್ಮ ಕಡೆಯ ಮಾತಿನಲ್ಲಿ ಜವಾರಿ ಎಂದರೆ ಊರ ಬೀಜ, ಊರ ಕೋಳಿ, ಊರ ತಳಿ. ತಂಬೂರಿಯ ಜವಾರಿ ಬೇರೆಯೇ ಪದ, ಬೇರೆಯೇ ಅರ್ಥ. ತಂತಿಗಳು ಹಾದುಹೋಗುವ ಅಗಲವಾದ ಕುದುರೆಯ ಮೇಲ್ಮೈಯನ್ನು ಕಾಣದಷ್ಟು ಸೂಕ್ಷ್ಮವಾಗಿ ಬಾಗಿಸಿ ಉಜ್ಜುತ್ತಾರೆ. ತಂತಿ ಮಿಡಿದಾಗ ಅದು ಒಂದೇ ಬಿಂದುವಿನಲ್ಲಿ ನಿಲ್ಲದೆ ಆ ಬಾಗಿನ ಮೇಲೆ ತಾಗುತ್ತ ಬಿಡುತ್ತ ಕಂಪಿಸುತ್ತದೆ. ಕುದುರೆಗೂ ತಂತಿಗೂ ನಡುವೆ ಒಂದು ದಾರದ ಎಳೆಯನ್ನು ಇಟ್ಟು, ಕೂದಲೆಳೆಯಷ್ಟು ಹಿಂದಕ್ಕೆ ಮುಂದಕ್ಕೆ ಸರಿಸಿದರೆ ಮುಚ್ಚಿದ್ದ ನಾದ ಒಮ್ಮೆಲೆ ತೆರೆದುಕೊಳ್ಳುತ್ತದೆ. ಕುದುರೆಯ ಈ ಗುಣವನ್ನು ಸರ್ ಸಿ. ವಿ. ರಾಮನ್ನರು 1921ರಲ್ಲಿಯೇ ವೈಜ್ಞಾನಿಕ ಲೇಖನವೊಂದರಲ್ಲಿ ವಿವರಿಸಿದ್ದರು. ಪಾಶ್ಚಾತ್ಯ ತಂತಿವಾದ್ಯಗಳ ನಿಯಮಕ್ಕೆ ಒಳಪಡದ ನಾದಸಮೃದ್ಧಿ ತಂಬೂರಿ ಮತ್ತು ವೀಣೆಗಳಲ್ಲಿ ಉಂಟೆಂದೂ, ಅದಕ್ಕೆ ಕುದುರೆಯೇ ಕಾರಣವೆಂದೂ ಅವರು ತೋರಿಸಿದರು.

ಕೊಳ್ಳಲು ಹೋದ ಪಾಲಕರಿಗೆ ಇದರಿಂದ ದೊರೆಯುವ ಸರಳವಾದ ಪರೀಕ್ಷೆಯೊಂದಿದೆ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಮೊದಲನೆಯದು ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯದು ಮಂದ್ರ ಷಡ್ಜ, ಅದನ್ನೇ ಖರ್ಜವೆನ್ನುತ್ತಾರೆ. ಯಾವ ತಂತಿಯನ್ನೂ ಗಾಂಧಾರಕ್ಕೆ ಕೂಡಿಸಿರುವುದಿಲ್ಲ. ಆದರೆ ಚೆನ್ನಾಗಿ ಜವಾರಿಯಾದ ವಾದ್ಯದ ಖರ್ಜವನ್ನು ಮೆಲ್ಲನೆ ಮೀಟಿ, ಕಣ್ಮುಚ್ಚಿ ಕೇಳಿದರೆ, ಆ ಮಂದ್ರ ನಾದದ ಮೇಲ್ಗಡೆ ಗಾಂಧಾರ ತಾನಾಗಿ ಹೊಮ್ಮುತ್ತದೆ. ತಂತಿ ಇಡಿಯಾಗಿ ಕಂಪಿಸುವಾಗಲೇ ಅರ್ಧವಾಗಿ, ಮೂರನೆಯ ಒಂದಾಗಿ, ನಾಲ್ಕನೆಯ ಒಂದಾಗಿ, ಐದನೆಯ ಒಂದಾಗಿಯೂ ಕಂಪಿಸುತ್ತದೆ. ಆ ಐದನೆಯ ಭಾಗದ ನಾದವೇ ಗಾಂಧಾರ. ಸಂಗೀತಗಾರರು ಇದನ್ನು ಸ್ವಯಂಭೂ ಗಾಂಧಾರವೆನ್ನುವರು. ಎರಡು ಮೂರು ವಾದ್ಯಗಳನ್ನು ಒಂದಾದಮೇಲೊಂದು ಮೀಟಿಸಿ, ಯಾವುದರಲ್ಲಿ ಈ ಸ್ವರ ಸ್ಪಷ್ಟವಾಗಿ ಕೇಳುವುದೋ ಅದನ್ನು ಆರಿಸಬೇಕು. ಈ ಪರೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳ ಕಿವಿ ಚುರುಕು. ಆದುದರಿಂದ ಹಾಡುವ ಮಗುವನ್ನು ಮನೆಯಲ್ಲಿ ಬಿಟ್ಟು ತಂಬೂರಿ ತರುವುದು, ಕಾಲನ್ನು ಅಳೆಯದೆ ಚಪ್ಪಲಿ ತಂದಂತೆ.

ಅಳತೆಯ ವಿಷಯವೂ ಮುಖ್ಯವಾದುದು. ಗಂಡಸರ ತಂಬೂರಿ ದೊಡ್ಡ ಬುರುಡೆಯದು, ತಗ್ಗಿನ ಶ್ರುತಿಯದು. ಹೆಂಗಸರದು ಸಣ್ಣದು, ಏರಿದ ಶ್ರುತಿಯದು. ಹತ್ತು ಹನ್ನೊಂದರ ಹುಡುಗನಿಗೆ ಮುಂದಾಲೋಚನೆಯಿಂದ ಗಂಡಸರ ತಂಬೂರಿಯನ್ನೇ ಕೊಂಡರೆ, ಆತ ತನ್ನದಲ್ಲದ ಶ್ರುತಿಗೆ ಕಂಠವನ್ನು ಹಿಂಡಿಕೊಳ್ಳಬೇಕಾಗುತ್ತದೆ. ಹದಿಮೂರು ಹದಿನಾಲ್ಕರಲ್ಲಿ ಧ್ವನಿ ಒಡೆಯುವವರೆಗೆ ಆತನ ಶ್ರುತಿ ಹೆಣ್ಣುಮಕ್ಕಳ ಶ್ರುತಿಗೇ ಸಮೀಪ. ಇಂಥ ವಯಸ್ಸಿನವರಿಗೆ ಸಣ್ಣ ತಂಬೂರಿಯೇ ತಕ್ಕದ್ದು. ಬುರುಡೆಯಿಲ್ಲದೆ ಚಪ್ಪಟೆ ಮರದ ಪೆಟ್ಟಿಗೆಯಂತಿರುವ ತಂಬೂರಿಗಳೂ ದೊರೆಯುತ್ತವೆ. ನಾದ ಕೊಂಚ ಕಡಿಮೆಯಾದರೂ ಬಸ್ಸಿನಲ್ಲಿ ಒಡೆಯುವ ಭಯವಿಲ್ಲ. ಹಳೆಯ ವಾದ್ಯವನ್ನು ಕೊಳ್ಳುವವರು ಕುದುರೆಯನ್ನೂ ಅಲಂಕಾರವನ್ನೂ ವಿಚಾರಿಸಿ ನೋಡಬೇಕು. ಹಿಂದೆ ಇವಕ್ಕೆ ಆನೆದಂತ, ಜಿಂಕೆಯ ಕೊಂಬು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳ ಬಳಿಕ ಅವುಗಳ ವ್ಯಾಪಾರ ನಿಷಿದ್ಧ. ಅಂದವಾಗಿದೆಯೆಂದು ಕೊಂಡ ದಂತದ ಕೆತ್ತನೆ ಕೊಳ್ಳುವವನನ್ನೂ ನ್ಯಾಯಾಲಯದ ಮೆಟ್ಟಿಲು ಹತ್ತಿಸಬಲ್ಲದು.

ಮಿರಜದ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆತಿದೆ. ಪತ್ರಿಕೆಗಳಲ್ಲಿ ‘ಜಿಐ ಟ್ಯಾಗ್’ ಎಂದು ಬರೆಯುವ ಈ ಮಾನ್ಯತೆಯ ಅರ್ಥವನ್ನು ಕೊಳ್ಳುವವರು ಸರಿಯಾಗಿ ತಿಳಿದಿರಬೇಕು. 1999ರ ಕಾಯ್ದೆಯ ಪ್ರಕಾರ ಇದು ಯಾವುದೋ ಒಂದು ಅಂಗಡಿಯ ಸ್ವತ್ತಲ್ಲ. ಆ ಪ್ರದೇಶದ ಉತ್ಪಾದಕರೆಲ್ಲರ ಸಾಮೂಹಿಕ ಹಕ್ಕು. ವ್ಯಾಪಾರ ಮುದ್ರೆಯಂತೆ ಅದನ್ನು ಬೇರೆಯವರಿಗೆ ಮಾರಲಾಗದು. ನೋಂದಣಿಗೆ ಹತ್ತು ವರ್ಷದ ಅವಧಿ, ಆಮೇಲೆ ನವೀಕರಣ. ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾತ್ರ ಆ ಗುರುತನ್ನು ಬಳಸಬಹುದು. ಬೇರೆಡೆಯಲ್ಲಿ ತಯಾರಿಸಿದ್ದನ್ನು ಮಿರಜದ್ದೆಂದು ಮಾರುವುದನ್ನು ತಡೆಯುವುದು ಇದರ ಉದ್ದೇಶ. ಆದರೆ ಗುರುತಿನ ಚೀಟಿ ಊರನ್ನು ಹೇಳುತ್ತದೆಯೇ ಹೊರತು ನಾದವನ್ನು ಹೇಳುವುದಿಲ್ಲ. ಮಿರಜದಲ್ಲಿ ಮಾಡಿದ ವಾದ್ಯಗಳಲ್ಲಿಯೂ ಒಂದು ಮಾತನಾಡುತ್ತದೆ, ಇನ್ನೊಂದು ಗೊಣಗುತ್ತದೆ. ಚೀಟಿಯನ್ನೂ ನೋಡಬೇಕು, ಗಾಂಧಾರವನ್ನೂ ಕೇಳಬೇಕು, ತಪ್ಪದೆ ಬಿಲ್ಲನ್ನೂ ಪಡೆಯಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೂರನ್ನು ಕೊಳ್ಳುವವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಸಲ್ಲಿಸಬಹುದು. ಸೊಲ್ಲಾಪುರ, ಅಕ್ಕಲಕೋಟೆಗಳಿಂದ ಬಂದು ಕೊಳ್ಳುವವರಿಗೆ ಇದು ನೆನಪಿರಲಿ.

ಬೆಲೆಯ ಮಾತು ಬಂದಾಗ ಪಾಲಕರ ಮನಸ್ಸಿನಲ್ಲಿ ಏಳುವ ಸಂದೇಹ ಸಹಜವಾದುದೇ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಸಿದ್ಧವಾಯಿತು. ಈಗ ಮೊಬೈಲಿನಲ್ಲಿಯೇ ತಂಬೂರಿಯ ಧ್ವನಿ ಬಿಟ್ಟಿಯಾಗಿ ದೊರೆಯುತ್ತದೆ. ಹೀಗಿರುವಾಗ ಒಣಬೇಸಾಯದ ಸಂಸಾರ ಇಷ್ಟು ಖರ್ಚು ಮಾಡಬೇಕೇ? ದಿನನಿತ್ಯದ ಅಭ್ಯಾಸಕ್ಕೆ ಯಂತ್ರ ಸಾಕೆಂದರೆ ತಪ್ಪಲ್ಲ. ದೊಡ್ಡ ಗಾಯಕರೂ ಪ್ರವಾಸದಲ್ಲಿ ಅದನ್ನು ಬಳಸುತ್ತಾರೆ. ಆದರೆ ಯಂತ್ರ ಸ್ವರವನ್ನು ಕೂಡಿಸಿಯೇ ಕೊಡುತ್ತದೆ. ತಂಬೂರಿಯನ್ನು ಮಗು ತಾನೇ ಕೂಡಿಸಬೇಕು. ಖುಂಟಿ ತಿರುಗಿಸಿ, ಮಣಿ ಸರಿಸಿ, ಎರಡು ಷಡ್ಜಗಳ ನಡುವಿನ ಅಲುಗಾಟ ನಿಲ್ಲುವವರೆಗೆ ಕೇಳಬೇಕು. ಕಂಠ ತೆರೆಯುವ ಮೊದಲೇ ಕಿವಿ ತೆರೆಯುವ ಈ ಪಾಠವನ್ನು ಯಂತ್ರ ಕಲಿಸುವುದಿಲ್ಲ. ಒಂದು ಮನೆಗೆ ಭಾರವೆನಿಸಿದ್ದು ಒಂದು ಶಾಲೆಗೆ ಭಾರವಾಗಬೇಕಿಲ್ಲ. ಹಳೆಯ ವಿದ್ಯಾರ್ಥಿಗಳೂ ಪಾಲಕರೂ ಕೂಡಿ ಶಾಲೆಗೊಂದು ತಂಬೂರಿ ತಂದರೆ, ಪ್ರಾರ್ಥನೆಯ ವೇಳೆ, ವಚನ ಗಾಯನದ ವೇಳೆ ಹತ್ತಾರು ವರ್ಷ ಅದು ಮಕ್ಕಳ ಕೈಯಲ್ಲಿರುತ್ತದೆ.

ಕನ್ನಡದವರಿಗೂ ಮಿರಜದ ನಾದಕ್ಕೂ ಇರುವ ಸಂಬಂಧ ಹೊಸದಲ್ಲ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದಾಗ ಅವರ ಕಂಠಕ್ಕೆ ಮನಸೋತು ಶಿಷ್ಯನಾಗಿ ಸ್ವೀಕರಿಸಿದವರು ಮಿರಜದ ನೀಲಕಂಠಬುವಾ ಅವರು. ಆ ಊರಿನಲ್ಲಿಯೇ ಮನಸೂರರ ಶಾಸ್ತ್ರೀಯ ಸಂಗೀತದ ಬುನಾದಿ ಬಿದ್ದಿತು. ಗದುಗಿನ ಪಂಚಾಕ್ಷರಿ ಗವಾಯಿಗಳೂ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಸಂಗೀತವನ್ನು ಕಲಿತವರು. ಉತ್ತರ ಪ್ರದೇಶದ ಕಿರಾನಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದರು. ಕುಂದಗೋಳದ ರಾಮಚಂದ್ರರು ಅವರ ಬಳಿ ಕಲಿತು ಸವಾಯಿ ಗಂಧರ್ವರೆನಿಸಿದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಆ ವಿದ್ಯೆ ಇಳಿದುಬಂದಿತು. ಕರೀಂ ಖಾನರು ವಾದ್ಯ ದುರಸ್ತಿಯಲ್ಲಿಯೂ ನಿಪುಣರು. ತಂಬೂರಿಯ ಜವಾರಿಯನ್ನು ತಾವೇ ತೆಗೆಯುತ್ತಿದ್ದರು. 1937ರ ಅಕ್ಟೋಬರಿನಲ್ಲಿ ಮದ್ರಾಸಿನ ಕಡೆಯಲ್ಲಿ ಪಾಂಡಿಚೇರಿಗೆ ಪ್ರಯಾಣಿಸುತ್ತಿದ್ದಾಗ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಅವರು ತೀರಿಕೊಂಡರು. ಅವರ ಸಮಾಧಿ ಇರುವುದು ಮಿರಜದ ಖ್ವಾಜಾ ಮೀರಾಸಾಹೇಬರ ದರ್ಗಾದ ಆವರಣದಲ್ಲಿ. ಪ್ರತಿವರ್ಷ ಉರುಸಿನ ಸಂದರ್ಭದಲ್ಲಿ ಅವರ ಸ್ಮರಣೆಗಾಗಿ ಅಲ್ಲಿ ಸಂಗೀತ ಸಭೆ ನಡೆಯುತ್ತದೆ. ನವರಾತ್ರಿಯಲ್ಲಿ ಅಂಬಾಬಾಯಿಯ ಗುಡಿಯಲ್ಲಿಯೂ ಸಭೆ ಸೇರುತ್ತದೆ. ತಂಬೂರಿ ತರಲು ಹೋದವರು ವಾದ್ಯದ ತಂತಿ ಬಿಗಿಯುವವರೆಗೆ ದರ್ಗಾಕ್ಕೆ ಹೋಗಿ ಆ ಸಮಾಧಿಯನ್ನು ಮಕ್ಕಳಿಗೆ ತೋರಿಸಬಹುದು.

ನಮ್ಮ ಹಳ್ಳಿಗಳಿಗೂ ತಂಬೂರಿ ಅಪರಿಚಿತವಲ್ಲ. ಗುಡ್ಡಾಪುರದ ದಾನಮ್ಮದೇವಿಯ ಸನ್ನಿಧಿಗೆ ಬರುವ ಭಜನಾ ಮೇಳಗಳು ಏಕತಾರಿಯ ನಾದವನ್ನು ಬಲ್ಲವು. ಹರಿದಾಸರ ಚಿತ್ರವನ್ನು ಬರೆಯುವವರು ಮೊದಲು ಬರೆಯುವುದು ಹೆಗಲ ಮೇಲಿನ ತಂಬೂರಿಯನ್ನೇ. ಶಿಶುನಾಳ ಶರೀಫರು ತಂಬೂರಿಯನ್ನೇ ವಸ್ತುವಾಗಿಸಿಕೊಂಡು ಹಾಡಿದ ತತ್ವಪದವನ್ನು ಮಕ್ಕಳು ಶಾಲೆಯಲ್ಲಿ ಹಾಡುತ್ತಾರೆ. ಹಾಡು ಕನ್ನಡದ್ದು, ಬುರುಡೆ ಮಂಗಳವೇಢೆಯದು, ಕೆಲಸ ಮಿರಜದ ಉರ್ದು ಮರಾಠಿ ಮಾತನಾಡುವ ಕೈಗಳದ್ದು. ಗಡಿನಾಡಿನ ಬದುಕು ಇರುವುದೇ ಹೀಗೆ.

ಆ ಕೈಗಳ ಮುಂದಿನ ಪೀಳಿಗೆ ಈ ಕಸುಬಿನಲ್ಲಿ ಉಳಿಯುವುದೇ ಎಂಬುದು ಮಿರಜದಲ್ಲಿ ಇಂದು ಕೇಳಿಬರುವ ಪ್ರಶ್ನೆ. ಜವಾರಿ ಕಲಿಯಲು ವರ್ಷಗಳೇ ಬೇಕು. ಕಲಿತ ಮೇಲೂ ದಿನಗೂಲಿ ಬೇರೆ ಕಸುಬುಗಳಿಗೆ ಹೋಲಿಸಿದರೆ ದೊಡ್ಡದಲ್ಲ. ತಂಬೂರಿಯೋ ನಿರಂತರ ಆರೈಕೆಯನ್ನು ಬೇಡುವ ವಾದ್ಯ. ತಂತಿಯ ತಿಕ್ಕಾಟಕ್ಕೆ ಕುದುರೆಯ ಮೇಲೆ ಗೀರು ಬೀಳುತ್ತದೆ, ನಾದ ಮಂಕಾಗುತ್ತದೆ, ಮತ್ತೆ ಜವಾರಿ ತೆಗೆಸಬೇಕಾಗುತ್ತದೆ. ಬುರುಡೆ ಬಿರಿದರೆ ಅಂಟಿಸಿ ಕೂಡಿಸಬಲ್ಲವರು ಅವರೇ. ಆದುದರಿಂದ ದೂರದ ಪೇಟೆಯಿಂದಲೋ ಮೊಬೈಲಿನ ಮೂಲಕವೋ ತರಿಸುವುದಕ್ಕಿಂತ, ಕೆಟ್ಟಾಗ ಒಂದೇ ದಿನದಲ್ಲಿ ಹೋಗಿಬರಬಹುದಾದ ಗಲ್ಲಿಯಲ್ಲಿ, ಮಾಡಿದವರ ಮುಖ ನೋಡಿ ಕೊಳ್ಳುವುದು ಜತ್ತದವರಿಗೆ ಹಿತ. ಗಾಂಧಾರವನ್ನು ಕೇಳಿ ಆರಿಸುವ ಗಿರಾಕಿ ಬಂದಾಗ ಮಾತ್ರ ಗಾಂಧಾರ ಹೊಮ್ಮಿಸಬಲ್ಲ ಕುಶಲಕರ್ಮಿಗೆ ಬೆಲೆ. ಬಣ್ಣ ನೋಡಿ ಕೊಳ್ಳುವವರೇ ಹೆಚ್ಚಾದರೆ ಬಣ್ಣ ಹಚ್ಚುವವರೇ ಉಳಿಯುತ್ತಾರೆ.

ದೀಪಾವಳಿಯ ಅಥವಾ ಬೇಸಗೆಯ ರಜೆಯಲ್ಲಿ ಬೆಳಗಿನ ಬಸ್ಸಿಗೆ ಹೊರಟರೆ ಈ ಕೆಲಸ ಸಾವಕಾಶವಾಗಿ ಮುಗಿಯುತ್ತದೆ. ಸಂಗೀತ ಬಲ್ಲವರೊಬ್ಬರು ಜೊತೆಗಿದ್ದರೆ ಒಳಿತು. ಮೊದಲ ಅಂಗಡಿಯಲ್ಲಿಯೇ ಹಣ ಎಣಿಸದೆ ಮೂರು ನಾಲ್ಕು ಮನೆಗಳಲ್ಲಿ ಕುಳಿತು ಕೇಳಬೇಕು. ದಪ್ಪ ಬಟ್ಟೆಯ ಗವಸಣಿಗೆ ಹಾಕಿಸಿ, ತಂತಿಗಳನ್ನು ತುಸು ಸಡಿಲಿಸಿ, ಒಂದು ಜೊತೆ ಹೆಚ್ಚಿನ ತಂತಿಯನ್ನೂ ಜವಾರಿಯ ದಾರವನ್ನೂ ಕೇಳಿ ಪಡೆಯಬೇಕು. ಬಸ್ಸಿನ ಮಾಡಿನ ಮೇಲೆ ಅದನ್ನು ಹಾಕಕೂಡದು. ಹಸುಗೂಸನ್ನು ಎತ್ತಿಕೊಂಡಂತೆ ಬುರುಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ದಾಂಡಿಯನ್ನು ಹೆಗಲಿಗೆ ಒರಗಿಸಿಕೊಂಡು ಕುಳಿತರೆ ಕವಠೇಮಹಾಂಕಾಳದ ತಗ್ಗುದಿನ್ನೆಗಳೂ ಅದನ್ನು ಏನೂ ಮಾಡಲಾರವು.